ಹೊಗೆಯ ಲೆಕ್ಕವೂ ಆಸ್ಪತ್ರೆಯ ಲೆಕ್ಕವೂ

ಹೊಗೆಯಿಂದ ಆರೋಗ್ಯವು ಕೆಡುವುದೆಂಬುದನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಇಂತಹ ಕಾರ್ಖಾನೆಯ ಹೊಗೆಯಿಂದಲೇ ಇಷ್ಟು ಮಂದಿ ಹಾಸಿಗೆ ಹಿಡಿದರೆಂದು ಹೇಳಹೊರಟೊಡನೆ, ಪ್ರಮಾಣವೆಲ್ಲಿ ಎಂಬ ಪ್ರಶ್ನೆಯು ಏಳುತ್ತದೆ. ಆ ಪ್ರಮಾಣವು ಒಮ್ಮೆ ತಾನಾಗಿಯೇ ಒದಗಿಬಂದ ಸಂಗತಿಯೊಂದನ್ನು ವಾಚಕರ ಮುಂದಿಡಬಯಸುತ್ತೇವೆ.

ಅಮೆರಿಕದ ಯೂಟಾ ಪ್ರಾಂತದಲ್ಲಿ ಪ್ರೋವೋ ಪಟ್ಟಣವಿರುವ ಕಣಿವೆಯಲ್ಲಿ, ಚಳಿಗಾಲದ ತಣ್ಣನೆಯ ಗಾಳಿಯು ತಳದಲ್ಲಿಯೇ ನಿಂತುಬಿಡುತ್ತದೆ. ಮೇಲಿನ ಬೆಚ್ಚನೆಯ ಗಾಳಿಯು ಅದಕ್ಕೆ ಮುಚ್ಚಳವಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ಜಿನೀವಾ ಉಕ್ಕಿನ ಕಾರ್ಖಾನೆಯು ಆ ಕಣಿವೆಗೆ ಅನ್ನವನ್ನೂ ಹೊಗೆಯನ್ನೂ ಒಟ್ಟಿಗೇ ಕೊಡುತ್ತ ಬಂದಿತ್ತು. 1986ರ ಆಗಸ್ಟಿನಲ್ಲಿ ಕಾರ್ಮಿಕ ವಿವಾದದ ದೆಸೆಯಿಂದ ಅದು ನಿಂತಿತು. ಸುಮಾರು ಹದಿಮೂರು ತಿಂಗಳ ತರುವಾಯ ಬೇರೆ ಮಾಲಿಕರ ಕೈಯಲ್ಲಿ ಪುನಃ ನಡೆಯತೊಡಗಿತು.

ಅಲ್ಲಿಯ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದ ಆರ್ಡನ್ ಪೋಪ್ ಎಂಬವರು ಆಸ್ಪತ್ರೆಗಳ ದಾಖಲೆಯನ್ನು ಗಾಳಿಯ ಧೂಳಿನ ಅಳತೆಯ ಪಕ್ಕದಲ್ಲಿಟ್ಟು ನೋಡಿದರು. ಅವರು ವೈದ್ಯರಲ್ಲ, ಅರ್ಥಶಾಸ್ತ್ರಜ್ಞರು, ಲೆಕ್ಕವನ್ನು ಓದಬಲ್ಲವರು. ಕಾರ್ಖಾನೆಯು ನಡೆಯುತ್ತಿದ್ದ ಚಳಿಗಾಲಗಳಲ್ಲಿ ಶ್ವಾಸರೋಗಗಳಿಂದ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆಯು, ಅದು ಮುಚ್ಚಿದ್ದ ಚಳಿಗಾಲಕ್ಕಿಂತ ಎರಡರಿಂದ ಮೂರು ಪಟ್ಟು ಹೆಚ್ಚಾಗಿತ್ತು. ಈ ಫಲಿತಾಂಶವು 1989ರಲ್ಲಿ ಪ್ರಕಟವಾಯಿತು. ಧರ್ಮನಿಷ್ಠರಾದ ಅಲ್ಲಿಯ ಜನರಲ್ಲಿ ಧೂಮಪಾನವು ಬಹಳ ಕಡಮೆ. ತಪ್ಪನ್ನು ಸಿಗರೇಟಿನ ಮೇಲೆ ಹೊರಿಸುವಂತಿರಲಿಲ್ಲ.

ಆ ವರ್ಷ ಮಕ್ಕಳಲ್ಲಿ ಸೋಂಕೇ ಕಡಮೆಯಿದ್ದಿರಬೇಕೆಂದು ಕೆಲವರು ವಾದಿಸಿದರು. ಆದರೆ ಉಕ್ಕಿನ ಕಾರ್ಖಾನೆಯಿಲ್ಲದ, ಅದೇ ಪ್ರಾಂತದ ಕ್ಯಾಶ್ ಕಣಿವೆಯಲ್ಲಿ ಇಂತಹ ಏರಿಳಿತವು ಕಂಡುಬರಲಿಲ್ಲ. ಇನ್ನೂ ವಿಶೇಷವೆಂದರೆ, ಗಾಳಿಯನ್ನು ಸೋಸಿದ ಆ ಕಾಲದ ಕಾಗದಗಳನ್ನು ಯಾರೋ ಎಸೆಯದೆ ಇಟ್ಟಿದ್ದರು. ಅವುಗಳ ಧೂಳಿನ ಸಾರವನ್ನು ಆರೋಗ್ಯವಂತ ಸ್ವಯಂಸೇವಕರ ಶ್ವಾಸಕೋಶಕ್ಕೆ ಸೇರಿಸಿ ನೋಡಲಾಯಿತು. ಕಾರ್ಖಾನೆ ನಡೆದ ವರ್ಷಗಳ ಧೂಳು ಹೆಚ್ಚಿನ ಉರಿಯೂತವನ್ನುಂಟುಮಾಡಿತು. ಮುಚ್ಚಿದ್ದ ವರ್ಷದ್ದು ಹಾಗೆ ಮಾಡಲಿಲ್ಲ. ಆ ಧೂಳಿನಲ್ಲಿದ್ದ ಲೋಹಗಳೇ ಇದಕ್ಕೆ ಕಾರಣವಾಗಿರಬೇಕೆಂದು ಪರೀಕ್ಷಕರು ಬಗೆದರು.

ಕಾರ್ಖಾನೆಗಳಿಗೆ ಬೀಗ ಹಾಕಿರೆಂದು ನಾವು ಹೇಳುತ್ತಿಲ್ಲ. ಬೀಗ ಬಿದ್ದ ಆ ವರ್ಷ ಪ್ರೋವೋದ ಕಾರ್ಮಿಕನ ಮಗು ಸುಖವಾಗಿ ಉಸಿರಾಡಿತು, ಆದರೆ ತಂದೆಗೆ ಸಂಬಳವಿರಲಿಲ್ಲ. ಇವೆರಡರಲ್ಲಿ ಒಂದನ್ನಾರಿಸಿಕೊಳ್ಳೆಂದು ಬಡವನಿಗೆ ಹೇಳುವುದು ನ್ಯಾಯವಲ್ಲ. ಹೊಗೆಯನ್ನು ಹಿಡಿದಿಡುವ ಯಂತ್ರಗಳ ವೆಚ್ಚವು ಉದ್ಯಮದ ವೆಚ್ಚವೇ ಹೊರತು ಮಕ್ಕಳ ಶ್ವಾಸಕೋಶದ ಮೇಲಿನ ಸಾಲವಲ್ಲ.

ನಮ್ಮ ದೇಶದಲ್ಲಿ 2009ರ ನಿಯಮವು ಸೂಕ್ಷ್ಮ ಧೂಳಿಗೆ ಘನ ಮೀಟರಿಗೆ ವಾರ್ಷಿಕ ಸರಾಸರಿ 40 ಮೈಕ್ರೋಗ್ರಾಮುಗಳ ಮಿತಿಯನ್ನಿಟ್ಟಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದ್ದು 5. ನಗರಗಳ ಗಾಳಿಯ ಅಳತೆಯು ಈಗ ದಿನದಿನವೂ ಪ್ರಕಟವಾಗುತ್ತಿದೆ. ಅದೇ ಫಲಕದ ಮೇಲೆ, ಆ ದಿನ ಉಬ್ಬಸದಿಂದ ಸರಕಾರಿ ಆಸ್ಪತ್ರೆಗಳಲ್ಲಿ ಸೇರಿಸಿಕೊಂಡ ಮಕ್ಕಳ ಸಂಖ್ಯೆಯನ್ನೂ ಬರೆಯಿಸಬೇಕೆಂದು ಅಧಿಕಾರಿಗಳನ್ನು ಕೇಳುತ್ತೇವೆ. ಅದಕ್ಕೆ ಬೇಕಾದ ದಾಖಲೆಯು ಪ್ರತಿಯೊಂದು ಆಸ್ಪತ್ರೆಯ ಬಾಗಿಲಲ್ಲಿಯೇ ಇದೆ.