ಹಳೇ ಕಾರು ‘ಟಕ ಟಕ’ ಅಂತಿದೆಯಾ? ಮನೆ ಅಂಗಳದಲ್ಲೇ ಏನು ಮಾಡಬಹುದು, ಎಲ್ಲಿ ಕೈ ಹಾಕಬಾರದು

ತಿಪಟೂರು: ಕೊಬ್ಬರಿ ಚೀಲ ತುಂಬಿಕೊಂಡು ಎಪಿಎಂಸಿಗೆ ಬರುವ ಓಮ್ನಿ, ಅಂಗಡಿ ಸಾಮಾನು ತರೋಕೆ ಪೇಟೆಗೆ ಬರುವ ಆಲ್ಟೊ, ಮದುವೆ-ಮುಂಜಿಗೆ ಮಾತ್ರ ಶೆಡ್ಡಿನಿಂದ ಹೊರಗೆ ಬರುವ ಮಾರುತಿ 800. ತಾಲೂಕಿನ ರಸ್ತೆಗಳಲ್ಲಿ ಈ ಮೂರೂ ಇನ್ನೂ ಓಡುತ್ತಿವೆ. ಮಾರುತಿ 800 ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ, ಓಮ್ನಿ ನಿಂತಿದ್ದು 2019ರಲ್ಲಿ. ಅಂದ್ರೆ ರಸ್ತೆಯಲ್ಲಿ ಕಾಣುವ ಪ್ರತಿ 800ಗೂ ಹತ್ತು ವರ್ಷ ದಾಟಿದೆ. ಇಂಜಿನ್ ಇನ್ನೂ ಗಟ್ಟಿ ಇರುತ್ತೆ. ಸವೆಯೋದು ಕೆಳಗಿನ ರಬ್ಬರ್ ಬುಷ್, ಜಾಯಿಂಟ್, ಶಾಕ್ ಅಬ್ಸಾರ್ಬರ್.

ಮೊಬೈಲಲ್ಲಿ ವಿಡಿಯೋ ನೋಡಿ, ಒಂದು ಸ್ಪ್ಯಾನರ್ ಸೆಟ್ ತಂದು ತಾವೇ ರಿಪೇರಿಗೆ ಇಳಿಯುವವರು ಈಗ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ, ನಾಲ್ಕು ಕಾಸು ಉಳಿಯುತ್ತೆ. ಆದರೆ ಹಾರ್ನ್ ರಿಪೇರಿ ಕೆಟ್ಟರೆ ಹಾರ್ನ್ ಹೊಡೆಯಲ್ಲ, ಅಷ್ಟೇ. ಸ್ಟೇರಿಂಗ್ ಜಾಯಿಂಟ್ ಕಳಚಿಕೊಂಡರೆ ಕಾರು ಚಾಲಕನ ಮಾತು ಕೇಳಲ್ಲ. ಹಾಗಾಗಿ ಯಾವುದು ಮನೆ ಕೆಲಸ, ಯಾವುದು ಗ್ಯಾರೇಜ್ ಕೆಲಸ ಅನ್ನೋದು ಮೊದಲೇ ಗೊತ್ತಿರಬೇಕು.

ಯಾವ ಸದ್ದು ಎಲ್ಲಿಂದ?

ಸಣ್ಣ ಗುಂಡಿ ಹತ್ತಿಳಿದಾಗ ಮುಂದಿನಿಂದ ‘ಟಕ ಟಕ’ ಅಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಬಾರ್ ಬುಷ್, ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟ್ ಮೇಲೆ. ಹಂಪ್ ದಾಟಿದ ಮೇಲೂ ಕಾರು ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಅಂತ ಅರ್ಥ. ಅದರ ಕೊಳವೆ ಮೇಲೆ ಆಯಿಲ್ ಸೋರಿ ದೂಳು ಮೆತ್ತಿದ್ದರೆ ಅನುಮಾನವೇ ಬೇಡ.

800 ಅಥವಾ ಆಲ್ಟೊದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ‘ಕಟ ಕಟ’ ಅಂದರೆ ಅದು ಸಸ್ಪೆನ್ಶನ್ ಅಲ್ಲ, ಡ್ರೈವ್ ಶಾಫ್ಟಿನ ಜಾಯಿಂಟ್. ಓಮ್ನಿಯಲ್ಲಿ ಇಂಜಿನ್ ಎಳೆಯೋದು ಹಿಂದಿನ ಚಕ್ರವನ್ನ, ಆದ್ದರಿಂದ ಮುಂದೆ ಆ ಜಾಯಿಂಟೇ ಇರಲ್ಲ.

ಕಾರು ಒಂದೇ ಕಡೆ ಎಳೆಯುತ್ತಾ? ಯಾವುದನ್ನೂ ಬಿಚ್ಚುವ ಮೊದಲು ಟೈರ್ ಗಾಳಿ ಚೆಕ್ ಮಾಡಿಸಿ. ಎಷ್ಟೋ ಸಲ ಕಾಯಿಲೆ ಅಲ್ಲಿಗೇ ಮುಗಿಯುತ್ತೆ.

ಜಾಕಿ ಹಾಕುವ ಮುಂಚೆ

ಮನೆ ರಿಪೇರಿಯಲ್ಲಿ ಪ್ರಾಣಕ್ಕೆ ಕುತ್ತು ಬರೋದು ಹೆಚ್ಚಾಗಿ ಇಲ್ಲೇ. ನೆಲ ಸಮ ಇರಬೇಕು, ಮಣ್ಣಲ್ಲ. ಹ್ಯಾಂಡ್ ಬ್ರೇಕ್ ಎಳೆದು, ಗೇರಲ್ಲಿ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಚಕ್ರದ ನಟ್ ಸಡಿಲ ಮಾಡೋದು ಕಾರು ನೆಲದ ಮೇಲಿರುವಾಗಲೇ.

ಕಾರಿನ ಜೊತೆ ಬಂದ ಜಾಕಿ ಪಂಚರ್ ಹಾಕೋಕೆ ಮಾತ್ರ. ಅದನ್ನ ನಂಬಿ ಕೆಳಗೆ ತೂರಬಾರದು. ಹಾಲೋ ಬ್ಲಾಕ್, ಇಟ್ಟಿಗೆ ಇಡುವುದು ಇನ್ನೂ ಕೆಟ್ಟದ್ದು, ಭಾರಕ್ಕೆ ಹೇಳದೆ ಕೇಳದೆ ಪುಡಿಯಾಗುತ್ತವೆ. ಕಬ್ಬಿಣದ ಆಕ್ಸಲ್ ಸ್ಟ್ಯಾಂಡ್ ಎರಡು ತಂದರೆ ವರ್ಷಗಟ್ಟಲೆ ಬರುತ್ತೆ. ಬಿಚ್ಚಿದ ಚಕ್ರವನ್ನೂ ಕಾರಿನ ಕೆಳಗೆ ತಳ್ಳಿಟ್ಟರೆ ಇನ್ನೊಂದು ಆಧಾರ.

ಚಕ್ರ ಅಲ್ಲಾಡಿಸಿ ನೋಡಿ

ಮೊದಲ ಪರೀಕ್ಷೆಗೆ ಜಾಕಿಯೂ ಬೇಡ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಹೊರಗಿನಿಂದ ಟೈ ರಾಡ್ ಎಂಡ್ ಮೇಲೆ ಬೆರಳಿಡಲಿ. ಜಾಯಿಂಟ್ ಸವೆದಿದ್ದರೆ ಬೆರಳಿಗೇ ‘ಟಿಕ್’ ಅಂತ ಗೊತ್ತಾಗುತ್ತೆ.

ಆಮೇಲೆ ಚಕ್ರ ಎತ್ತಿ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಟೈ ರಾಡ್ ಕಡೆ ನೋಡಿ. 12 ಮತ್ತು 6ರಲ್ಲಿ ಹಿಡಿದಾಗ ಆಟ ಇದ್ದರೆ ಒಬ್ಬರಿಗೆ ಬ್ರೇಕ್ ತುಳಿಯೋಕೆ ಹೇಳಿ. ಬ್ರೇಕ್ ತುಳಿದಾಗ ಆಟ ನಿಂತರೆ ಅದು ವೀಲ್ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಸ್ಟ್ರಟ್. ರಬ್ಬರ್ ಬೂಟ್ ಹರಿದ ಜಾಯಿಂಟನ್ನೂ ಲೆಕ್ಕಕ್ಕೆ ತಗೊಳ್ಳಿ. ಇವತ್ತು ಆಟ ಇಲ್ಲದಿದ್ದರೂ ಒಳಗೆ ಮಳೆನೀರು, ಮಣ್ಣು ಸೇರಿ ಬೇಗ ಸವೆಯುತ್ತೆ.

ಟೈ ರಾಡ್ ಎಂಡ್ ಬದಲಾಯಿಸೋದು

ತಾಳ್ಮೆ ಇದ್ದವರು ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಹಳೇದನ್ನ ಬಿಚ್ಚುವ ಮೊದಲು ಥ್ರೆಡ್ ಎಷ್ಟು ಹೊರಗಿದೆ ಅಂತ ಅಳತೆ ತಗೊಳ್ಳಿ, ಮರೆಯದಂತೆ ಫೋಟೋ ಹೊಡೆದಿಟ್ಟುಕೊಳ್ಳಿ. ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿ, ಹೊಸದನ್ನ ಅಷ್ಟೇ ಸುತ್ತು ಹಾಕಿ. ಜಾಯಿಂಟ್ ಕಚ್ಚಿಕೊಂಡು ಬರದಿದ್ದರೆ ಥ್ರೆಡ್ ತುದಿಗೆ ಸುತ್ತಿಗೆಯಲ್ಲಿ ಹೊಡೆಯಬೇಡಿ. ಪುಲ್ಲರ್ ಬಾಡಿಗೆಗೋ ಎರವಲಿಗೋ ತನ್ನಿ.

ನಟ್ ಬಿಗಿ ಮಾಡಿದ ಮೇಲೆ ಅದರ ತೂತಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಲೇಬೇಕು. ಹಳೇ ಪಿನ್ ನೆಟ್ಟಗೆ ಮಾಡಿ ಹಾಕೋದು, ಮೊಳೆ ಅಥವಾ ಕಟ್ಟುವ ತಂತಿ ತೂರಿಸೋದು, ಇವೆಲ್ಲ ಹಳ್ಳಿಗಳಲ್ಲಿ ನಡೆಯುತ್ತೆ. ಪಿನ್ ಬೆಲೆ ಒಂದು ಟೀಗಿಂತ ಹೆಚ್ಚಿರಲ್ಲ. ನಟ್ ಬಿಚ್ಚಿಕೊಳ್ಳದಂತೆ ತಡೆಯೋದು ಅದೊಂದೇ.

ಬುಷ್ ಹಾಕುವಾಗ ಆಗುವ ತಪ್ಪು

ಹೊಸ ಬುಷ್ ಹಾಕಿ ಮೂರೇ ತಿಂಗಳಿಗೆ ಹೋಯ್ತು, ಮಾಲ್ ಡೂಪ್ಲಿಕೇಟ್ ಅಂತ ಸ್ಪೇರ್ಸ್ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವವರಿದ್ದಾರೆ. ಡೂಪ್ಲಿಕೇಟ್ ಮಾಲ್ ಇರೋದು ನಿಜ. ಆದರೆ ಎಷ್ಟೋ ಸಲ ತಪ್ಪು ಬಿಗಿ ಮಾಡುವ ಕ್ರಮದಲ್ಲಿರುತ್ತೆ. ಲೋವರ್ ಆರ್ಮ್ ಬೋಲ್ಟನ್ನ ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಪೂರ್ತಿ ಬಿಗಿ ಮಾಡಿದರೆ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತೆ. ಕಾರು ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ದಿನವೂ ಅದೇ ತಿರುಚಿನಲ್ಲಿ ಓಡಿ ಹರಿಯುತ್ತೆ. ಬೋಲ್ಟ್ ಕೈಬಿಗಿ ಇಟ್ಟು, ಕಾರಿನ ಭಾರ ಚಕ್ರದ ಮೇಲೆ ಬಂದ ನಂತರ ಕೊನೇ ಬಿಗಿ ಕೊಡಬೇಕು.

ಓಮ್ನಿಯ ಕಮಾನ್ ಪಟ್ಟಿ

ಓಮ್ನಿ ಹಿಂದೆ ಇರೋದು ಲಾರಿ ತರಹದ ಕಮಾನ್ ಪಟ್ಟಿ. ಚೀಲ ಹೇರಿ ಹಿಂದೆ ಕೂತುಬಿಟ್ಟರೆ ಒಂದು ಪಟ್ಟಿ ಹೆಚ್ಚಿಗೆ ಹಾಕಿಸೋದು ರೂಢಿ. ಪಟ್ಟಿ ಸೇರಿದರೆ ಗಾಡಿ ಎತ್ತರ ನಿಲ್ಲುತ್ತೆ ನಿಜ, ಆದರೆ ಬ್ರೇಕ್, ಟೈರ್, ಬೇರಿಂಗ್ ಹಳೇವೇ. ಹೇರುವ ಮಿತಿ ಅದರಿಂದ ಏರಲ್ಲ. ಪಟ್ಟಿ ಬಿಚ್ಚಿ ಹಾಕಿದ್ದರೆ ಸ್ವಲ್ಪ ದಿನ ಓಡಿಸಿದ ಮೇಲೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿ. ಸೆಂಟರ್ ಬೋಲ್ಟ್ ತುಂಡಾದರೆ ಹಿಂದಿನ ಆಕ್ಸಲ್ಲೇ ಜಾಗ ಬಿಡುತ್ತೆ, ಗಾಡಿ ಓರೆಯಾಗಿ ಓಡುತ್ತೆ.

ಈ ಮೂರಕ್ಕೆ ಕೈ ಹಾಕಬೇಡಿ

ಒಂದು, ಮುಂದಿನ ಸ್ಟ್ರಟ್ಟಿನ ನಡುವಿನ ದೊಡ್ಡ ನಟ್. ಅದರ ಕೆಳಗೆ ಸ್ಪ್ರಿಂಗ್ ಅದುಮಿ ಕೂತಿರುತ್ತೆ. ಕಂಪ್ರೆಸರ್ ಹಾಕದೆ ಬಿಚ್ಚಿದರೆ ಅದು ಹಾರುವ ವೇಗಕ್ಕೆ ಮುಖ, ಕೈ ಉಳಿಯಲ್ಲ. ಹಗ್ಗ ಕಟ್ಟಿ ಬಿಚ್ಚುವ ಸಾಹಸ ಬೇಡವೇ ಬೇಡ. ಸುತ್ತಲಿನ ಸಣ್ಣ ನಟ್ ತೆಗೆದು ಸ್ಟ್ರಟ್ ಇಡಿಯಾಗಿ ಇಳಿಸಿ ಗ್ಯಾರೇಜಿಗೆ ಕೊಡಬಹುದು. ಶಾಕ್ ಅಬ್ಸಾರ್ಬರ್ ಹಾಕಿಸುವಾಗ ಎಡ-ಬಲ ಜೋಡಿಯಾಗೇ ಹಾಕಿಸಿ.

ಎರಡು, ಸ್ಟೇರಿಂಗ್ ರ‍್ಯಾಕ್. ಆಟ ಕಮ್ಮಿ ಮಾಡೋಕೆ ಅದರ ಅಡ್ಜಸ್ಟ್ ಸ್ಕ್ರೂ ಬಿಗಿ ಮಾಡುವವರಿದ್ದಾರೆ. ಅತಿಯಾದರೆ ತಿರುವಿನಲ್ಲಿ ಸ್ಟೇರಿಂಗ್ ತಾನಾಗೇ ವಾಪಸ್ ಬರಲ್ಲ.

ಮೂರು, ವೆಲ್ಡಿಂಗ್. ಬಿರುಕು ಬಿಟ್ಟ ಲೋವರ್ ಆರ್ಮ್, ಬಾಗಿದ ಟೈ ರಾಡ್, ಸವೆದ ಬಾಲ್ ಜಾಯಿಂಟ್ ಇವುಗಳಿಗೆ ವೆಲ್ಡಿಂಗ್ ಶಾಪ್ ದಾರಿಯಲ್ಲ. ಬದಲಾಯಿಸೋದೊಂದೇ ದಾರಿ. ಇಲ್ಲಿ ಸಿಗದ ಹಳೇ ಮಾಡೆಲ್ ಪಾರ್ಟ್‌ಗಳನ್ನ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು. ಹೋಗುವಾಗ ಹಳೇ ಪೀಸ್ ಜೊತೆಗಿರಲಿ.

ಸದ್ದು ನಿಂತರೆ ಕೆಲಸ ಮುಗೀತಾ?

ಇಲ್ಲ. ಟೈ ರಾಡ್, ಆರ್ಮ್, ಸ್ಟ್ರಟ್ ಯಾವುದನ್ನ ಮುಟ್ಟಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಅಳತೆ, ಸುತ್ತು ಎಷ್ಟೇ ಸರಿಯಾಗಿ ಎಣಿಸಿದ್ದರೂ ಅದು ಅಲೈನ್‌ಮೆಂಟ್ ಅಂಗಡಿವರೆಗೆ ಹೋಗೋಕೆ ಮಾತ್ರ ಸಾಕು. ಆ ದುಡ್ಡು ಉಳಿಸಲು ಹೋದರೆ ಒಂದು ಜೊತೆ ಟೈರ್ ಒಂದೇ ಅಂಚಲ್ಲಿ ತಿಂದುಹೋಗಿ ಉಳಿಸಿದ್ದಕ್ಕಿಂತ ಹೆಚ್ಚು ಕಳೆಯುತ್ತೆ.

ಮೊದಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಬ್ರೇಕ್ ಹಾಕಿ ನೋಡಿ, ಮನೆಗೆ ಬಂದು ಪ್ರತಿ ನಟ್ ಮತ್ತೊಮ್ಮೆ ಮುಟ್ಟಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಆದರೆ ಜಾಯಿಂಟ್ ಸವೆಯೋಕೆ 5 ವರ್ಷ ಕಾಯಲ್ಲ. ಮಳೆಗಾಲದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಚಕ್ರ ಎತ್ತಿ ಅಲ್ಲಾಡಿಸೋಕೆ ಅರ್ಧ ಗಂಟೆ ಸಾಕು. ಆಟ ಕಂಡ ಮೇಲೆ ‘ಮುಂದಿನ ವಾರ ನೋಡೋಣ’ ಅಂತ ಮಕ್ಕಳನ್ನ ಕೂರಿಸಿಕೊಂಡು ಹೊರಡಬೇಡಿ.