ಮಳೆಗಾಲದಲ್ಲಿ ಹಿತ್ತಲ ಕೋಳಿಗಳ ಉಬ್ಬಸ: ಮೊದಲು ಗೂಡಿನ ಹಾಸನ್ನು ಪರೀಕ್ಷಿಸಿ

ಆಳಂದ ತಾಲ್ಲೂಕಿನ ಭೂಸನೂರ ಹಾಗೂ ಸುತ್ತಲಿನ ಗ್ರಾಮಗಳ ಕಪ್ಪು ಎರೆಭೂಮಿಯು ಮಳೆನೀರನ್ನು ಬಹುಕಾಲ ಹಿಡಿದಿಡುತ್ತದೆ. ಇಂತಹ ನೆಲದ ಮೇಲಿರುವ ಕೋಳಿಗೂಡಿನ ಹಾಸು ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ತೇವವಾಗಿರಬಹುದು. ತೇವಗೊಂಡ ಹಿಕ್ಕೆಯಿಂದ ಹೊರಡುವ ಅಮೋನಿಯಾ ಅನಿಲವು ಕೋಳಿಯ ಕಣ್ಣನ್ನು ಉರಿಸುತ್ತದೆ. ಶ್ವಾಸನಾಳದಿಂದ ಧೂಳನ್ನು ಹೊರದೂಡುವ ಸೂಕ್ಷ್ಮ ರೋಮಗಳನ್ನು ಹಾಳುಗೆಡವುತ್ತದೆ. ಬಳಿಕ ಬೇರೆ ಸೋಂಕುಗಳಿಗೆ ದಾರಿ ಸುಗಮ. ನಿಂತವರ ಮೂಗಿಗೆ ಈ ವಾಸನೆ ತಿಳಿಯದಿರಬಹುದು. ಕೋಳಿಯ ಎತ್ತರಕ್ಕೆ ಬಾಗಿ ನೋಡತಕ್ಕದ್ದು.

ಗೂಡಿಗೆ ಹಾಸುವ ತೊಗರಿ ಹೊಟ್ಟು, ಶೇಂಗಾ ಸಿಪ್ಪೆ ನೆನೆದು ಬೂಷ್ಟು ಹಿಡಿದಿದ್ದರೆ ಅಪಾಯ ಇನ್ನೂ ಹೆಚ್ಚು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಕಣಗಳು ಶ್ವಾಸಕೋಶವನ್ನು ಸೇರಿದಾಗ ಮರಿಗಳು ಬಾಯ್ದೆರೆದು ಉಸಿರಾಡುತ್ತಾ ಸಾಯುತ್ತವೆ. ಔಷಧ ಅಂಗಡಿಯಿಂದ ತಂದು ನೀರಿಗೆ ಬೆರೆಸುವ ಆ್ಯಂಟಿಬಯೋಟಿಕ್ ಪುಡಿ ಇದಕ್ಕೆ ನಿರುಪಯುಕ್ತ; ಹಣವಷ್ಟೇ ವ್ಯರ್ಥ.

ಹಾಸನ್ನು ಮುಷ್ಟಿಯಲ್ಲಿ ಹಿಸುಕಿದಾಗ ಉಂಡೆಯಾಗಿಯೇ ಉಳಿದರೆ ತೆಗೆದುಹಾಕಬೇಕು. ಹಸಿ ಹಾಸಿನ ಮೇಲೆಯೇ ಸುಣ್ಣ ಎರಚುವ ರೂಢಿಯುಂಟು. ಅದರಿಂದ ಅಮೋನಿಯಾ ಹೆಚ್ಚುತ್ತದೆ. ಕೋಳಿಗಳನ್ನು ಹೊರಗೆ ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಳೆಯದನ್ನು ಪೂರ್ಣ ತೆಗೆದು, ನೆಲಕ್ಕೆ ಸುಣ್ಣ ಹಾಕಿ, ಒಣಗಿದ ಬಳಿಕ 2–3 ಅಂಗುಲ ಹೊಸ ಹಾಸು ಹರಡಬೇಕು. ತಾಡಪತ್ರಿಯನ್ನು ಮಳೆ ಬೀಸುವ ಬದಿಗೆ ಮಾತ್ರ ಕಟ್ಟಿ, ಮೇಲ್ಭಾಗದಲ್ಲಿ ಗಾಳಿಗೆ ಎಡೆ ಬಿಡಬೇಕು.

ಆದರೆ ಉಬ್ಬಸದ ಜೊತೆಗೆ ಹಸಿರು ಭೇದಿ, ಕತ್ತು ತಿರುಚುವಿಕೆ ಅಥವಾ ಒಮ್ಮೆಲೇ ಹಲವು ಕೋಳಿಗಳ ಸಾವು ಕಂಡುಬಂದಲ್ಲಿ ಕೊಕ್ಕರೆ ರೋಗವನ್ನಾಗಲೀ ಹಕ್ಕಿಜ್ವರವನ್ನಾಗಲೀ ಶಂಕಿಸಬೇಕಾಗುತ್ತದೆ. ಅಂತಹ ಕೋಳಿಗಳನ್ನು ಮಾರದೆ, ಕೊಯ್ಯದೆ, ಪ್ರತ್ಯೇಕಿಸಿ ಸಮೀಪದ ಪಶು ಚಿಕಿತ್ಸಾಲಯಕ್ಕೆ ಅಥವಾ ಸಹಾಯವಾಣಿ 1962ಕ್ಕೆ ತಕ್ಷಣ ತಿಳಿಸತಕ್ಕದ್ದು.