ಪೊಟ್ಟಣಗಳ ನೂಕುನುಗ್ಗಲು

ಗಣಕಯಂತ್ರಗಳ ನಡುವೆ ಸಂದೇಶವು ಇಡಿಯಾಗಿ ಸಾಗುವುದಿಲ್ಲ; ಪ್ಯಾಕೆಟ್ ಎಂಬ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಮುಟ್ಟಿದುದಕ್ಕೆ ಅತ್ತಲಿಂದ ರಸೀತಿ ಬರಬೇಕು. ಗೊತ್ತಾದ ವೇಳೆಗೆ ಬಾರದಿದ್ದರೆ ಅದೇ ಪೊಟ್ಟಣವನ್ನು ಮತ್ತೆ ಕಳುಹಿಸಲಾಗುತ್ತದೆ. ಟಿ.ಸಿ.ಪಿ. ಎಂಬ ಈ ಕಟ್ಟಳೆಯಲ್ಲಿ ದೋಷವೇನಿದೆ?

1986ರ ಅಕ್ಟೋಬರಿನಲ್ಲಿ ಅದು ಬಯಲಾಯಿತು. ಅಮೆರಿಕದ ಬರ್ಕ್ಲಿಯಲ್ಲಿ ಲಾರೆನ್ಸ್ ಪ್ರಯೋಗಾಲಯಕ್ಕೂ ವಿಶ್ವವಿದ್ಯಾನಿಲಯಕ್ಕೂ ಇರುವ ಅಂತರ ಸುಮಾರು 400 ಗಜ. ಅವುಗಳ ನಡುವೆ ಸೆಕೆಂಡಿಗೆ 32,000 ಬಿಟ್‌ಗಳಂತೆ ಹರಿಯುತ್ತಿದ್ದ ಮಾಹಿತಿಯು 40 ಬಿಟ್‌ಗಳಿಗೆ ಇಳಿಯಿತು. ಎಂದರೆ, ಐದು ಇಂಗ್ಲಿಷ್ ಅಕ್ಷರಗಳು! ಕಾಗದವನ್ನು ಹುಡುಗನೊಬ್ಬನ ಕೈಗಿತ್ತು ಓಡಿಸಿದ್ದರೆ ಬೇಗ ಮುಟ್ಟುತ್ತಿತ್ತು.

ತಂತಿಯೇನೂ ಕಡಿದಿರಲಿಲ್ಲ. ಹಾದಿಯ ಕೂಡುಗಳಲ್ಲಿ ಪೊಟ್ಟಣಗಳು ಸಾಲುಗಟ್ಟಿ ನಿಂತು, ಸ್ಥಳ ಸಾಲದೆ ಕೆಲವು ಬಿದ್ದುಹೋಗುತ್ತಿದ್ದುವು. ರಸೀತಿ ತಡವಾದುದನ್ನೂ ನಷ್ಟವೆಂದೇ ಬಗೆದ ಯಂತ್ರಗಳು ಅವೇ ಪೊಟ್ಟಣಗಳನ್ನು ಪುನಃ ಪುನಃ ತುರುಕಿದುವು. ಸಾಲು ಇನ್ನೂ ಬೆಳೆಯಿತು.

1988ರಲ್ಲಿ ವ್ಯಾನ್ ಜೇಕಬ್ಸನ್ ಪ್ರಕಟಿಸಿದ ಪರಿಹಾರವು ಭೌತವಿಜ್ಞಾನವನ್ನು ಓದಿದ ನಮಗೆ ಪರಿಚಿತವೆನಿಸುತ್ತದೆ: ಹಾದಿಯಲ್ಲಿರುವ ಪೊಟ್ಟಣಗಳ ಸಂಖ್ಯೆಯ ಸಂರಕ್ಷಣೆ. ಒಂದು ಹೊರಬಿದ್ದಿತೆಂಬ ರಸೀತಿ ಬಂದ ಮೇಲೆಯೇ ಇನ್ನೊಂದು ಒಳಹೋಗಬೇಕು. ಇದನ್ನು ವಿಧಿಸುವ ಕಾವಲುಗಾರನು ಎಲ್ಲಿಯೂ ಇಲ್ಲ. ಕಳುಹಿಸುವ ಯಂತ್ರವೇ ತನ್ನನ್ನು ಹಿಡಿದುಕೊಳ್ಳುತ್ತದೆ. ಮೊದಲು ಒಂದು ಪೊಟ್ಟಣ, ರಸೀತಿ ಬಂದಂತೆ ಎರಡು, ನಾಲ್ಕು, ಎಂಟು. ನಷ್ಟ ಕಂಡೊಡನೆ ವೇಗವನ್ನು ತಗ್ಗಿಸಿ ಮತ್ತೆ ಏರಿಕೆ. ದೊಡ್ಡ ಕಡತವನ್ನು ಇಳಿಸಿಕೊಳ್ಳುವಾಗ ವೇಗವು ಮೊದಮೊದಲು ಏರುತ್ತ ಹೋಗುವುದಕ್ಕೆ ಇದೂ ಒಂದು ಕಾರಣ.